ಹತ್ತಿದ ಗೇರಿನಲ್ಲೇ ಇಳಿಯಬೇಕು

ಮಾಸೂರು ಎಂದೊಡನೆ ಮೊದಲು ನೆನಪಿಗೆ ಬರುವುದು ಮದಗದ ಕೆರೆ. ಗುಡ್ಡಗಳ ನಡುವಿನ ಕಂಡಿಯಲ್ಲಿ ಹರಿದು ಬರುವ ಕುಮುದ್ವತಿಗೆ ವಿಜಯನಗರದ ಕಾಲದಲ್ಲಿ ಅಡ್ಡಲಾಗಿ ಕಟ್ಟಿದ ಏರಿ ಇಂದಿಗೂ ನೀರನ್ನು ತಡೆದು ನಿಂತಿದೆ. ಆಮೇಲೆ ನೆನಪಾಗುವವನು ಸರ್ವಜ್ಞ. ತ್ರಿಪದಿಗಳ ಆ ಅಲೆಮಾರಿ ಕವಿಯ ತಂದೆಯ ಊರು ಇದೇ ಎಂದು ಜನ ನಂಬಿಕೊಂಡು ಬಂದಿದ್ದಾರೆ. ಊರಿಗೆ ಮೂರನೆಯ ಹಿರಿಮೆಯೂ ಒಂದುಂಟು. ಅದನ್ನು ಚೆನ್ನಾಗಿ ಬಲ್ಲವರು ಗಾಡಿ ಹೊಡೆಯುವವರು. ಬಯಲುಸೀಮೆ ಮುಗಿದು ಮಲೆನಾಡು ತೊಡಗುವ ಹೊಸ್ತಿಲು ಇದು. ರಟ್ಟೀಹಳ್ಳಿ, ರಾಣೇಬೆನ್ನೂರುಗಳ ಕಡೆಗೆ ಹೊರಟರೆ ಹೊಲಗಳ ನಡುವೆ ಹಗ್ಗ ಹಿಡಿದು ಎಳೆದಂಥ ದಾರಿ. ಶಿಕಾರಿಪುರದ ಕಡೆಗೆ ಮುಖ ಮಾಡಿದರೆ ದಾರಿಗೆ ಮೆಲ್ಲಮೆಲ್ಲನೆ ಬಳುಕು ಬರುತ್ತದೆ. ಗಾಳಿಗೆ ತಂಪು ಬರುತ್ತದೆ. ಹಳದಿ ಬಣ್ಣ ಕರಗಿ ಹಸುರಾಗುತ್ತದೆ. 1956ರ ನವೆಂಬರ್ 1ರ ವರೆಗೆ ಇವೆರಡರ ನಡುವೆ ರಾಜ್ಯದ ಗಡಿಯೇ ಇತ್ತು. ಮಾಸೂರು ಮುಂಬಯಿಯ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆಯಲ್ಲಿದ್ದರೆ ಶಿಕಾರಿಪುರ ಮೈಸೂರಿನದಾಗಿತ್ತು. ಏಕೀಕರಣವು ಆ ಗಡಿಯನ್ನು ಅಳಿಸಿತು. ನೆಲದ ಏರಿಳಿತವನ್ನು ಅಳಿಸುವವರಾರು?

ಈ ಹೊಸ್ತಿಲಿನ ಮೇಲೆ ಒಬ್ಬ ಮೇಸ್ತ್ರಿಯ ತಗಡಿನ ಷೆಡ್ಡು ಇದೆ. ಮೇಸ್ತ್ರಿಯ ವಯಸ್ಸು ಎಪ್ಪತ್ತರ ಆಸುಪಾಸು. ಆತನ ತಂದೆ ಎತ್ತಿನ ಗಾಡಿಗೆ ಗಾಲಿ ಕಟ್ಟುತ್ತಿದ್ದ ಬಡಿಗ. ಮಗ ಹುಬ್ಬಳ್ಳಿಯ ಗ್ಯಾರೇಜೊಂದರಲ್ಲಿ ಮೋಟಾರು ವಿದ್ಯೆಯನ್ನು ಕಲಿತು ಊರಿಗೆ ಮರಳಿದ. ದಿನವೂ ಆತನ ಬಾಗಿಲಿಗೆ ಬರುವುದು ಟ್ರ್ಯಾಕ್ಟರುಗಳು, ಮೆಕ್ಕೆಜೋಳ ಹೇರುವ ಟೆಂಪೋಗಳು. ಹೊಟ್ಟೆ ತುಂಬುವುದು ಅವುಗಳಿಂದ. ಮನಸ್ಸು ತುಂಬುವುದು ಮಾತ್ರ ಮಳೆಗಾಲ ಕಳೆದು ಘಟ್ಟದ ರಸ್ತೆಗಳು ಒಣಗಿದ ಮೇಲೆ, ಮೂರು ಹಳೆಯ ಕಾರುಗಳು ಒಂದರ ಹಿಂದೊಂದು ಬಂದು ಷೆಡ್ಡಿನ ಮುಂದೆ ನಿಂತಾಗ.

ಕಾರುಗಳ ಒಡೆಯರು ಮೂವರು. ಒಬ್ಬರು ದವಾಖಾನೆಯಿಂದ ನಿವೃತ್ತರಾದ ವೈದ್ಯರು. ಅವರದು 1951ರ ಎಂ.ಜಿ. ಟಿ.ಡಿ., ಮಾಗಿದ ಮೆಣಸಿನಕಾಯಿಯ ಕೆಂಪು. ಇನ್ನೊಬ್ಬರು ಶಿವಮೊಗ್ಗೆಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅಧ್ಯಾಪಕರು. ಅವರ ಬಳಿ ಇರುವುದು ಐವತ್ತರ ದಶಕದ ಫಿಯೆಟ್ 1100. ಮೂರನೆಯವನು ತರುಣ. ಬೆಂಗಳೂರಿನಲ್ಲಿ ಕಂಪ್ಯೂಟರಿನ ಕೆಲಸ. ತೀರಿಹೋದ ತಂದೆಯ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನು ವರ್ಷಗಟ್ಟಲೆ ದುಡ್ಡು ಸುರಿದು ಮತ್ತೆ ಎಬ್ಬಿಸಿದ್ದಾನೆ. ನಾಲ್ಕನೆಯವನು ಮೇಸ್ತ್ರಿ. ಆತನಿಗೆ ಸ್ವಂತ ಕಾರಿಲ್ಲ. ಹತಾರದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲಕ್ಕಿಂತ ಹಿಂದಿನ ಕಾರಿನಲ್ಲಿ ಕೂಡುವುದು ಆತನ ಹಕ್ಕು. ತಿರುವು ಮುರುವಿನ ಬೆಟ್ಟದ ದಾರಿಯಲ್ಲಿ ಈ ಯಂತ್ರಗಳನ್ನು ಚೆನ್ನಾಗಿ ಓಡಿಸಿಕೊಂಡು ಬರುವುದು, ಮಧ್ಯಾಹ್ನ ಎಲ್ಲಿಯಾದರೂ ಎಲೆ ಹಾಕಿಸಿಕೊಂಡು ಉಣ್ಣುವುದು, ಕತ್ತಲಾಗುವ ಮೊದಲು ಮರಳುವುದು: ಇಷ್ಟೇ ಈ ಬಳಗದ ಕಾರ್ಯಕ್ರಮ.

ಇಂಥ ಬಳಗಗಳು ಈ ನಾಡಿನಲ್ಲಿ ಹೊಸತೇನಲ್ಲ. ದೆಹಲಿಯಲ್ಲಿ ಸ್ಟೇಟ್ಸ್‌ಮನ್ ಪತ್ರಿಕೆಯು ಹಳೆಯ ಕಾರುಗಳ ಮೆರವಣಿಗೆಯನ್ನು ಆರಂಭಿಸಿದ್ದು 1964ರಲ್ಲಿ. ಬೆಂಗಳೂರಿನ ಮೋಟಾರು ಕ್ರೀಡಾಪಟುಗಳು ಕೆ-1000 ಎಂಬ ರ‍್ಯಾಲಿಯನ್ನು ತೊಡಗಿದ್ದು 1976ರಲ್ಲಿ. ಆದರೆ ನಿಜವಾದ ಸ್ಪೋರ್ಟ್ಸ್ ಕಾರು ಇಲ್ಲಿ ಎಂದೂ ಅಪರೂಪದ ವಸ್ತುವೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ವಿದೇಶೀ ವಿನಿಮಯಕ್ಕೆ ಬರಗಾಲ. ಇಲ್ಲಿಯೇ ತಯಾರಿಸುವ ಯೋಜನೆ ಉಳ್ಳ ಕಾರ್ಖಾನೆಗಳಿಗೆ ಮಾತ್ರ ಅವಕಾಶವಿರಬೇಕೆಂದು 1953ರಲ್ಲಿ ಸುಂಕ ಆಯೋಗವು ಶಿಫಾರಸು ಮಾಡಿತು. ಬಿಡಿ ಭಾಗಗಳನ್ನು ತಂದು ಜೋಡಿಸುತ್ತಿದ್ದ ಅಮೆರಿಕದ ದೊಡ್ಡ ಕಂಪನಿಗಳು ಗಂಟು ಕಟ್ಟಿದವು. ಎರಡೇ ಆಸನಗಳ, ಮೇಲೆ ಮಾಡಿಲ್ಲದ ವಿಲಾಸದ ಗಾಡಿಯನ್ನು ತರಿಸುವ ಪ್ರಶ್ನೆಯೇ ಉಳಿಯಲಿಲ್ಲ. ಅದಕ್ಕೂ ಮೊದಲು ಬಂದದ್ದಷ್ಟೇ ಬಂದದ್ದು. ಆದುದರಿಂದ ವೇಗದ ಹುಚ್ಚು ಹಿಡಿದವರು ಮನೆಯ ಕಾರಿನಲ್ಲಿಯೇ ಆ ಹುಚ್ಚನ್ನು ತೀರಿಸಿಕೊಳ್ಳಬೇಕಾಯಿತು. ಮದರಾಸಿನ ಹತ್ತಿರದ ಶೋಲಾವರಂ ವಿಮಾನಪಟ್ಟಿಯ ಪಂದ್ಯಗಳಲ್ಲಿ ಫಿಯೆಟ್, ಹೆರಾಲ್ಡುಗಳೇ ಕುದುರೆಗಳಂತೆ ಓಡಿದವು. ಅಧ್ಯಾಪಕರ ಫಿಯೆಟ್ಟನ್ನು ಸ್ಪೋರ್ಟ್ಸ್ ಕಾರುಗಳ ಪಂಕ್ತಿಯಲ್ಲಿ ಕೂಡಿಸಲು ಅಡ್ಡಿಯಿಲ್ಲದಿರುವುದು ಇದರಿಂದಲೇ. ಮೇಲಾಗಿ ಇಟಲಿಯಲ್ಲಿ ಅದರ ಒಡಹುಟ್ಟಿದವುಗಳು ಮಿಲ್ಲೆ ಮಿಲ್ಯಾ ಎಂಬ ಮಹಾಪಂದ್ಯದಲ್ಲಿಯೇ ಓಡಿದ್ದುಂಟು.

ಮೂರು ಕಾರುಗಳ ಸ್ವಭಾವ ಮೂರು ಬಗೆ. ಎಂ.ಜಿ.ಗೆ 1250 ಸಿ.ಸಿ.ಯ ಎಂಜಿನ್, ಎರಡು ಕಾರ್ಬುರೇಟರು, ಮೊಣಕೈ ಹೊರಗೆ ಚಾಚಲೆಂದೇ ತಗ್ಗಿಸಿ ಕತ್ತರಿಸಿದ ಬಾಗಿಲು. ಅದರ ಶಕ್ತಿ ಐವತ್ತನಾಲ್ಕು ಕುದುರೆಗಳಷ್ಟು. ಇಂದಿನ ಸಾಮಾನ್ಯ ಸಂಸಾರದ ಕಾರೂ ಇದನ್ನು ಮೀರಿಸುತ್ತದೆ. ಫಿಯೆಟ್ಟಿನದು ಇನ್ನೂ ಚಿಕ್ಕ ಎಂಜಿನ್. ಗೇರಿನ ಸನ್ನೆ ಸ್ಟೀರಿಂಗಿನ ಕಂಬಕ್ಕೆ ಅಂಟಿಕೊಂಡಿರುತ್ತದೆ. ಗುಣದಲ್ಲಿ ಅದು ಹಳ್ಳಿಯ ಗಟ್ಟಿ ಗೃಹಿಣಿ. ಹೆರಾಲ್ಡು ಚೆಲುವೆ. ಇಟಲಿಯ ಮಿಕೆಲೊಟ್ಟಿ ಎಂಬ ಶಿಲ್ಪಿ ಬರೆದ ರೂಪ. ಇಂಗ್ಲೆಂಡಿನಲ್ಲಿ 1959ರಲ್ಲಿ ಹುಟ್ಟಿ, 1961ರಿಂದ ಮದರಾಸಿನಲ್ಲಿ ತಯಾರಾದುದು. ಮೂತಿಯೆಲ್ಲವೂ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಇಪ್ಪತ್ತೈದು ಅಡಿಯ ವೃತ್ತದಲ್ಲಿ ಅದು ಗಿರ್ರನೆ ತಿರುಗಬಲ್ಲುದು. ಘಟ್ಟದ ತಿರುವುಗಳಲ್ಲಿ ಉಳಿದಿಬ್ಬರು ಸ್ಟೀರಿಂಗ್ ಚಕ್ರದೊಡನೆ ಕುಸ್ತಿಯಾಡುವಾಗ ತರುಣ ಎರಡೇ ಕೈಯಾಟದಲ್ಲಿ ತಿರುಗಿಸಿ ನಗುತ್ತಾನೆ. ಆದರೆ ಅದರ ಹಿಂದಿನ ಗಾಲಿಗಳಿಗೆ ಒಂದು ಕೆಟ್ಟ ಚಾಳಿ ಉಂಟು. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಥಟ್ಟನೆ ಕಾಲು ತೆಗೆದರೆ ಅವು ಒಳಗೆ ಮಡಿಚಿಕೊಂಡು ಹಿಂಭಾಗವನ್ನು ಹೊರಕ್ಕೆ ಎಸೆಯುತ್ತವೆ. ಚೆಲುವೆಯೊಡನೆ ಎಚ್ಚರ ಬೇಕೆಂದು ಮೇಸ್ತ್ರಿ ಹೇಳುತ್ತಲೇ ಇರುತ್ತಾನೆ.

ಘಟ್ಟಗಳೇನೂ ಒಂದೆರಡಲ್ಲ. ಆಗುಂಬೆಯ ಹದಿನಾಲ್ಕು ಸುತ್ತು, ಚಾರ್ಮಾಡಿ, ಶಿರಾಡಿ, ಉತ್ತರದಲ್ಲಿ ದೇವಿಮನೆ, ಅರಬೈಲು. ಬಳಗದವರು ಈ ಸಲ ಆರಿಸಿಕೊಂಡದ್ದು ಹುಲಿಕಲ್ಲಿನ ಘಟ್ಟ. ಬಾಳೆಬರೆ ಎಂದೂ ಅದಕ್ಕೆ ಹೆಸರು. ಆಯ್ಕೆಗೆ ಕಾರಣ ಮಾಸೂರಿನ ಹೊಳೆ. ಮಾಸೂರಿನ ಕೆರೆಯನ್ನು ತುಂಬುವ ಕುಮುದ್ವತಿ ಹುಟ್ಟುವುದು ಹೊಸನಗರ ಸೀಮೆಯ ಹುಂಚದ ಬಳಿ. ಹೊಳೆಯ ಜಾಡು ಹಿಡಿದು ಎದುರು ನಡೆದರೆ ಘಟ್ಟದ ತಲೆಯ ಹತ್ತಿರ ತಲುಪಿದಂತೆಯೇ. ಡಿಸೆಂಬರಿನ ಒಂದು ಭಾನುವಾರ, ಬೆಳಕು ಹರಿದ ಮೇಲೆ, ಮೇಸ್ತ್ರಿ ಮೂರು ಕಾರುಗಳ ಕೆಳಗೂ ತೆವಳಿ ನೋಡಿ ಎದ್ದು ಕೈ ಒರೆಸಿಕೊಂಡ. ಪೆಟ್ರೋಲಿನ ಹೊಸ ರಬ್ಬರು ಕೊಳವೆಗಳನ್ನು ಆತ ಎರಡೆರಡು ಸಲ ಮುಟ್ಟಿ ನೋಡಿದ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಹಳೆಯ ಕಾಲದ ರಬ್ಬರು ಅದನ್ನು ತಾಳಲಾರದೆ ಮೆತ್ತಗಾಗಿ ಬಿರಿಯುತ್ತದೆ. ಕಬ್ಬಿನ ರಸವನ್ನು ಕುಡಿಸಿ ಮುದುಕರನ್ನು ಓಡಿಸುವ ಕಾಲ ಬಂತೆಂದು ವೈದ್ಯರು ನಕ್ಕರು.

ಶಿಕಾರಿಪುರ ದಾಟಿ ಅಂಜನಾಪುರದ ಜಲಾಶಯದ ಕಡೆಯಿಂದ ಬೀಸುವ ತಂಗಾಳಿಯನ್ನು ಕುಡಿದು, ಆನಂದಪುರ, ರಿಪ್ಪನ್‌ಪೇಟೆಗಳನ್ನು ಹಿಂದಿಕ್ಕುವ ಹೊತ್ತಿಗೆ ಎಂಜಿನ್ನುಗಳು ಹದಕ್ಕೆ ಬಂದವು. ಹಳೆಯ ಯಂತ್ರಕ್ಕೆ ಬಿಸಿಯೇರಲು ಬಿಡುವುದು ಒಂದು ಸಂಸ್ಕಾರ. ಎಣ್ಣೆ ತೆಳುವಾಗಿ ಎಲ್ಲ ಸಂದುಗಳಿಗೂ ಹರಿಯುವ ತನಕ ಅದನ್ನು ದುಡಿಸಬಾರದು. ಊರುಗಳ ಒಳಗೆ ಮೂವತ್ತರ ಮೇಲೆ ಹೋಗಬಾರದು; ಮುಂದಿನ ಕಾರನ್ನು ದಾಟಬಾರದು; ಕಾಣದ ತಿರುವಿನಲ್ಲಿ ಹಾರನ್ ಮಾಡದೆ ನುಗ್ಗಬಾರದು. ಇವು ಬಳಗದ ಕಟ್ಟಳೆಗಳು. ಹಿಂದಿನ ಕಾರು ಕನ್ನಡಿಯಲ್ಲಿ ಕಾಣದಾದರೆ ಮುಂದಿನವನು ನಿಲ್ಲಬೇಕೆಂಬುದು ಎಲ್ಲಕ್ಕಿಂತ ದೊಡ್ಡದು. ಹಿಂದಿನವನು ಮುಂದಿನವನನ್ನು ಅಟ್ಟಿಸಿಕೊಂಡು ಬರುವುದಲ್ಲ. ಮುಂದಿನವನೇ ಹಿಂದಿನವನ ಹೊಣೆ ಹೊರುವುದು.

ಹೊಸನಗರದಿಂದ ಮುಂದೆ ಆಟ ಆರಂಭವಾಯಿತು. ಕೆಳದಿಯ ಅರಸರ ರಾಜಧಾನಿಯಾಗಿದ್ದ ನಗರ ಬಂತು. 1763ರಲ್ಲಿ ಹೈದರಾಲಿ ಹಿಡಿದುಕೊಂಡ ಕೋಟೆ ಮಂಜಿನಲ್ಲಿ ಅರ್ಧ ಮುಳುಗಿತ್ತು. ಅಲ್ಲಿಂದ ಮಾಸ್ತಿಕಟ್ಟೆಯವರೆಗೆ ಕಾಡಿನ ರಸ್ತೆ, ಒಂದಾದ ಮೇಲೊಂದು ಬಳುಕು. ಹೊಸ ಕಾರಿನಲ್ಲಿ ಕುಳಿತವನಿಗೆ ಈ ರಸ್ತೆ ಕಿಟಕಿಯ ಹೊರಗಿನ ಚಿತ್ರ. ಎಂ.ಜಿ.ಯಲ್ಲಿ ಕುಳಿತವನಿಗೆ ಅದು ಬೆನ್ನುಮೂಳೆಗೆ ಬರೆದ ಓಲೆ. ಡಾಂಬರಿನ ಪ್ರತಿಯೊಂದು ಸುಕ್ಕೂ ಸ್ಟೀರಿಂಗಿನ ಮೂಲಕ ಅಂಗೈಗೆ ತಿಳಿಯುತ್ತದೆ. ಒದ್ದೆ ಎಲೆಯ ವಾಸನೆ, ಯಾರದೋ ಮನೆಯಲ್ಲಿ ಅಡಕೆ ಬೇಯಿಸುವ ಒಗರು ಕಂಪು, ತಿರುವಿನಲ್ಲಿ ಒಮ್ಮೆಗೇ ಬಿಸಿಲು, ಮತ್ತೆ ನೆರಳು. ವೈದ್ಯರಿಗೆ ಎಪ್ಪತ್ತು ದಾಟಿದೆ. ಮೆಟ್ಟಿಲು ಹತ್ತುವಾಗ ಮೊಣಕಾಲು ನೋಯುತ್ತದೆ. ಆದರೆ ಪೆಡಲುಗಳ ಮೇಲೆ ಅವರ ಪಾದಗಳು ಭರತನಾಟ್ಯದವರ ಪಾದಗಳು. ತಿರುವು ಹತ್ತಿರವಾಗುತ್ತಿರುವಂತೆ ಬಲಗಾಲಿನ ಬೆರಳು ಬ್ರೇಕಿನ ಮೇಲೆ. ಅದೇ ಪಾದದ ಹಿಮ್ಮಡಿ ಓರೆಯಾಗಿ ಆಕ್ಸಿಲರೇಟರಿನ ಮೇಲೆ. ಎಡಗಾಲು ಕ್ಲಚ್ಚನ್ನು ಒಮ್ಮೆ ಒತ್ತಿ ಗೇರು ಬಿಡಿಸಿ, ಎಂಜಿನ್ನಿಗೊಂದು ಚುರುಕು ಕೊಟ್ಟು, ಮತ್ತೊಮ್ಮೆ ಒತ್ತಿ ಕೆಳಗಿನ ಗೇರಿಗೆ ಇಳಿಸುತ್ತದೆ. ಹಲ್ಲು ಹಲ್ಲಿಗೆ ತಾಗಿದ ಸದ್ದೇ ಇಲ್ಲ. ಎಂಜಿನ್ನಿನ ಶ್ರುತಿ ಒಂದು ಸ್ವರ ಮೇಲೇರಿ ಕಾಡಿನಲ್ಲಿ ಹಾಡುತ್ತದೆ. ವೇಗಮಾಪಕ ನೋಡಿದರೆ ಐವತ್ತು, ಐವತ್ತೈದು ಕಿಲೋಮೀಟರು. ಪಕ್ಕದಲ್ಲಿ ಲಾರಿಯೊಂದು ಅಷ್ಟೇ ವೇಗದಲ್ಲಿ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಈ ಐವತ್ತರಲ್ಲಿ ಮನುಷ್ಯನ ಎರಡು ಕೈ, ಎರಡು ಕಾಲು, ಕಣ್ಣು, ಕಿವಿ, ಮೂಗು ಎಲ್ಲವೂ ಒಂದೇ ಕೆಲಸದಲ್ಲಿ ತೊಡಗಿರುತ್ತವೆ. ದಿನವಿಡೀ ಹತ್ತು ಕಡೆ ಹರಿದು ಹಂಚಿಹೋಗುವ ಮನಸ್ಸು ಒಂದು ಗಂಟೆಯ ಕಾಲ ಇಡಿಯಾಗಿರುತ್ತದೆ. ಈ ಜನ ಇಷ್ಟು ದೂರ ಬರುವುದು ಬಹುಶಃ ಆ ಒಂದು ಗಂಟೆಗಾಗಿ.

ಏರುವಾಗ ತಪ್ಪು ಮಾಡಿದರೆ ಶಿಕ್ಷೆ ಹಗುರ. ಗೇರು ತಪ್ಪಿದರೆ ಕಾರು ಏದುಸಿರು ಬಿಟ್ಟು ನಿಲ್ಲುತ್ತದೆ. ರೇಡಿಯೇಟರು ಕುದಿದರೆ ಹಳ್ಳದ ನೀರು ಉಂಟು. ಪೆಟ್ರೋಲು ಪಂಪಿನೊಳಗೇ ಆವಿಯಾಗಿ ಹರಿವು ಕಟ್ಟಿದರೆ ಮೇಲೊಂದು ಒದ್ದೆ ಬಟ್ಟೆ ಸುತ್ತಿದರಾಯಿತು. ಇಳಿಯುವಾಗಿನ ಲೆಕ್ಕ ಬೇರೆ. ಹುಲಿಕಲ್ಲಿನಿಂದ ಘಟ್ಟದ ಬುಡದ ಹೊಸಂಗಡಿಗೆ ಐನೂರು ಮೀಟರಿನಷ್ಟು ಇಳುಕಲು. ಹುಲಿಕಲ್ಲಿನಲ್ಲಿ ಚಹಾ ಕುಡಿಯುತ್ತ ಅಧ್ಯಾಪಕರು ಇದರ ಗಣಿತವನ್ನು ಹೇಳಿದರು. ಸಾವಿರ ಕಿಲೋಗ್ರಾಮಿನ ಕಾರು ಅಷ್ಟು ಎತ್ತರದಿಂದ ಇಳಿಯುವಾಗ ಕಳೆದುಕೊಳ್ಳುವ ಶಕ್ತಿ ಎಲ್ಲಿಯಾದರೂ ಹೋಗಲೇಬೇಕು. ಎಲ್ಲವೂ ಬ್ರೇಕಿನ ಡ್ರಮ್ಮುಗಳಲ್ಲಿ ಬಿಸಿಯಾಗಿ ಮಾರ್ಪಟ್ಟರೆ ಆ ಬಿಸಿಯಿಂದ ಹದಿನೈದು ಲೀಟರು ತಣ್ಣೀರನ್ನು ಕುದಿಸಬಹುದು. ನಾಲ್ಕು ಕಬ್ಬಿಣದ ಬಟ್ಟಲುಗಳು ಅಷ್ಟನ್ನು ಹೇಗೆ ತಾಳಬೇಕು? ಘಟ್ಟದ ಬುಡದಲ್ಲಿ ವಾರಾಹಿಯ ನೆಲದೊಳಗಿನ ವಿದ್ಯುದಾಗಾರವಿದೆಯಷ್ಟೆ. ಮೇಲಿನ ಮಾಣಿ ಅಣೆಕಟ್ಟಿನ ನೀರು ಅಲ್ಲಿ ಬಿದ್ದು ದೀಪವಾಗುತ್ತದೆ. ಅದೇ ಎತ್ತರದಿಂದ ಇಳಿಯುವ ಕಾರಿನ ಶಕ್ತಿ ಸರಿಯಾಗಿ ಹಂಚಿಹೋಗದಿದ್ದರೆ ಬೆಂಕಿಯಾಗುತ್ತದೆ.

ಹಂಚುವ ಉಪಾಯ ಹಳೆಯದು; ಲಾರಿಯವರೆಲ್ಲ ಬಲ್ಲರು. ಹತ್ತಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಎಂಜಿನ್ನಿನ ಗಾಳಿಯ ಬಾಗಿಲು ಮುಚ್ಚಿಕೊಳ್ಳುತ್ತದೆ; ಪಿಸ್ಟನ್ನುಗಳು ಉಸಿರು ಕಟ್ಟಿದಂತೆ ಎಳೆದು ಎಳೆದು ಗಾಲಿಗಳನ್ನು ಹಿಂದಕ್ಕೆ ಹಿಡಿಯುತ್ತವೆ. ಕೆಳಗಿನ ಗೇರಿನಲ್ಲಿ ಈ ಹಿಡಿತ ಹೆಚ್ಚು. ಬ್ರೇಕು ಆಗ ತಿರುವಿನ ಮುಂಚೆ ಒಂದೊಂದು ಸಲ ನೆರವಾದರೆ ಸಾಕು. ಮೇಸ್ತ್ರಿಗೆ ಈ ವಿದ್ಯೆ ಬಂದದ್ದು ಮೋಟಾರಿಗಿಂತ ಮೊದಲೇ. ಆತನ ತಂದೆಯ ಕಾಲದಲ್ಲಿ ಇಳಿಜಾರಿನಲ್ಲಿ ಹೇರು ಗಾಡಿಯ ಹಿಂದೆ ಮರದ ತುಂಡೊಂದನ್ನು ಕಟ್ಟಿ ಎಳೆಸುತ್ತಿದ್ದರಂತೆ. ಭಾರವನ್ನು ಎತ್ತಿನ ಕೊರಳಿಗೆ ಬಿಡಬಾರದು ಎಂಬುದು ಆ ಹಿರಿಯನ ಮಾತು.

ತರುಣನೂ ಇದನ್ನೆಲ್ಲ ಕೇಳಿದ್ದ. ತಲೆಯಾಡಿಸಿಯೂ ಇದ್ದ. ಆದರೆ ಕೇಳಿದ್ದು ಕಾಲಿಗೆ ಇಳಿಯಲು ಸಮಯ ಬೇಕು. ಮುಂದೆ ಎಂ.ಜಿ., ನಡುವೆ ಹೆರಾಲ್ಡ್, ಹಿಂದೆ ಮೇಸ್ತ್ರಿಯನ್ನು ಕೂಡಿಸಿಕೊಂಡ ಫಿಯೆಟ್. ಈ ಕ್ರಮದಲ್ಲಿ ಮೂರೂ ಘಟ್ಟಕ್ಕೆ ಇಳಿದವು. ವೈದ್ಯರು ಎರಡನೆಯ ಗೇರಿನಲ್ಲಿ ಎಂಜಿನ್ನನ್ನು ಗುರುಗುಟ್ಟಿಸುತ್ತ ಇಳಿಯುತ್ತಿದ್ದರು. ಹೆರಾಲ್ಡು ಮೂರನೆಯ ಗೇರಿನಲ್ಲಿಯೇ ಇತ್ತು. ಮೂರನೆಯದರಲ್ಲಿ ಸದ್ದು ಕಡಿಮೆ, ಓಟ ನಯ. ತಂದೆಯ ಕಾರಿನ ಎಂಜಿನ್ನನ್ನು ಹಾಗೆ ಗುರುಗುಟ್ಟಿಸುವುದು ಅವನಿಗೆ ಹಿಂಸೆಯೆನಿಸಿತ್ತು. ತಿರುವು ತಿರುವಿಗೂ ಅವನ ಬಲಗಾಲು ಬ್ರೇಕಿನ ಮೇಲೆಯೇ ಇತ್ತು. ಹಿಂದಿನ ಫಿಯೆಟ್ಟಿಗೆ ಮೊದಲು ಬಂದದ್ದು ವಾಸನೆ. ಸುಟ್ಟ ಲೈನಿಂಗಿನ ಕಮಟು. ಮೇಸ್ತ್ರಿ ಮುಂದಕ್ಕೆ ಬಾಗಿ ಹಾರನ್ನನ್ನು ತಾನೇ ಮೂರು ಸಲ ಒತ್ತಿದ. ಮೂರು ಸಲ ಎಂದರೆ ನಿಲ್ಲು ಎಂದು ಸಂಕೇತ. ತರುಣ ಅದನ್ನು ಹುರಿದುಂಬಿಸುವ ಕೂಗೆಂದು ತಿಳಿದು ಕೈ ಬೀಸಿದ.

ಮುಂದಿನ ತಿರುವಿಗೆ ಬರುವಾಗ ಅವನ ಬ್ರೇಕಿನ ಪೆಡಲು ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಕಾದ ಡ್ರಮ್ಮು ಹಿಗ್ಗಿ ಒಳಗಿನ ಬೂಟುಗಳಿಂದ ದೂರ ಸರಿಯುತ್ತದೆ. ಲೈನಿಂಗು ಹಿಡಿತವನ್ನು ಕಳೆದುಕೊಳ್ಳುತ್ತದೆ. ಕೊಳವೆಯಲ್ಲಿನ ದ್ರವ ಕುದಿದು ಗುಳ್ಳೆಯಾದರೆ ಪೆಡಲಿನ ಒತ್ತಡ ಗುಳ್ಳೆಯನ್ನಷ್ಟೇ ಅಮುಕುತ್ತದೆ. ಇವೆಲ್ಲವೂ ಪುಸ್ತಕದಲ್ಲಿವೆ. ಆದರೆ ತಿರುವಿನ ಹೊರಬದಿಯಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದ ನಾಲ್ವರು ಪುಸ್ತಕದಲ್ಲಿರಲಿಲ್ಲ. ಒಬ್ಬಳು ಮುದುಕಿ, ಇಬ್ಬರು ಹೆಂಗಸರು, ಕೈಯಲ್ಲಿ ಬಲೂನು ಹಿಡಿದಿದ್ದ ಒಂದು ಮಗು.

ಅವನು ಪೆಡಲನ್ನು ಎರಡು ಸಲ ತುಳಿದು ತುಳಿದು ಬಿಟ್ಟ. ಸ್ವಲ್ಪ ಜೀವ ಬಂದಂತಾಯಿತು. ಕ್ಲಚ್ಚು ಒತ್ತಿ, ಬಿಟ್ಟು, ಚುರುಕು ಕೊಟ್ಟು, ಮತ್ತೆ ಒತ್ತಿ ಎರಡನೆಯ ಗೇರಿಗೆ ತಳ್ಳಿದ. ಹಲ್ಲುಗಳು ಕಿರುಚಿಕೊಂಡು ಕೂಡಿದವು. ಕೈಬ್ರೇಕನ್ನು ಎಳೆದ. ಕಾರಿನ ಮೂತಿಯನ್ನು ಗುಡ್ಡದ ಬದಿಗೆ ತಿರುಗಿಸಿದ. ಒಳಬದಿಯ ಗಾಲಿಗಳು ಚರಂಡಿಗೆ ಇಳಿದವು. ಮಣ್ಣಿನ ಗೋಡೆಗೆ ಮಡ್‌ಗಾರ್ಡು ಉಜ್ಜಿಕೊಂಡು ಹೋಗಿ ಹೆರಾಲ್ಡು ಓರೆಯಾಗಿ ನಿಂತಿತು. ನಾಲ್ವರು ನಿಂತಿದ್ದ ಕಡೆಗೂ ಅದಕ್ಕೂ ನಡುವೆ ಇದ್ದದ್ದು ರಸ್ತೆಯ ಅಗಲವಷ್ಟೆ. ಮಗುವಿನ ಕೈಯಿಂದ ಬಲೂನು ಬಿಟ್ಟುಹೋಗಿತ್ತು. ಯಾರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಕೊನೆಗೆ ಮುದುಕಿಯೇ ಮೌನವನ್ನು ಮುರಿದಳು: “ಎಂತ ಮಗಾ, ಅಮ್ಮನ ಗುಡಿ ಇನ್ನೂ ಕೆಳಗಿತ್ತ್. ಇಲ್ಲೇ ಯಾಕೆ ಅಡ್ಡ ಬಿದ್ದದ್ದ್?”

ಮುದುಕಿ ಹೇಳಿದ್ದು ಘಟ್ಟದ ನಡುವಿನ ಚಂಡಿಕಾಂಬೆಯ ಗುಡಿಯನ್ನು. ಗಾಡಿಯವರು ಅಲ್ಲಿ ನಿಂತು ಕೈ ಮುಗಿದು ಮುಂದುವರಿಯುವುದು ವಾಡಿಕೆ. ಭಕ್ತಿಯ ಮಾತು ಹಾಗಿರಲಿ. ಆ ವಾಡಿಕೆಯಲ್ಲಿ ಒಂದು ಯಂತ್ರವಿವೇಕವೂ ಅಡಗಿದೆ. ಘಟ್ಟದ ಮಧ್ಯದಲ್ಲಿ ಕೆಲವು ನಿಮಿಷ ನಿಂತ ಗಾಡಿಯ ಬ್ರೇಕು ಅಷ್ಟರಮಟ್ಟಿಗೆ ತಣಿಯುತ್ತದೆ.

ವೈದ್ಯರು ಕನ್ನಡಿಯಲ್ಲಿ ಹೆರಾಲ್ಡು ಕಾಣದಾದೊಡನೆ ನಿಲ್ಲಿಸಿ ನಡೆದೇ ಮೇಲಕ್ಕೆ ಬಂದರು. ಮೊದಲು ಆ ನಾಲ್ವರನ್ನು ವಿಚಾರಿಸಿದರು, ಆಮೇಲೆ ತರುಣನ ನಾಡಿ ಹಿಡಿದು ನೋಡಿದರು. ತರುಣ ನೀರಿನ ಕ್ಯಾನು ತಂದು ಹೊಗೆಯಾಡುತ್ತಿದ್ದ ಗಾಲಿಗೆ ಸುರಿಯಲು ಹೋದ. ಮೇಸ್ತ್ರಿ ತಡೆದ. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಡ್ರಮ್ಮು ಬಿರುಕು ಬಿಡುತ್ತದೆ. ಅದು ತಾನಾಗಿ ತಣಿಯಬೇಕು. ಒಂದು ಗಂಟೆ ಬೇಕು ಎಂದ. ಎಲ್ಲರೂ ಒಂದು ಗಂಟೆ ಕುಳಿತರು. ಅಷ್ಟರಲ್ಲಿ ಬಸ್ಸು ಬಂತು. ಮುದುಕಿ ಹತ್ತಿ ಹೋದಳು. ತರುಣ ಮಗುವಿನ ಕೈಯಲ್ಲಿ ಏನನ್ನಾದರೂ ಇಡಬೇಕೆಂದು ಜೇಬು ತಡಕುತ್ತಿದ್ದಾಗಲೇ ಬಸ್ಸು ಹೊರಟಿತ್ತು.

ಆ ಒಂದು ಗಂಟೆಯಲ್ಲಿ ಅಧ್ಯಾಪಕರು ಇಟಲಿಯ ಪಂದ್ಯದ ಎರಡು ಸಂಗತಿಗಳನ್ನು ಹೇಳಿದರು. 1955ರಲ್ಲಿ ಸ್ಟರ್ಲಿಂಗ್ ಮಾಸ್ ಎಂಬ ಇಂಗ್ಲಿಷ್ ಚಾಲಕ ಬ್ರೆಷಿಯಾದಿಂದ ರೋಮಿಗೂ ಅಲ್ಲಿಂದ ಮರಳಿ ಬ್ರೆಷಿಯಾಕ್ಕೂ ಸುಮಾರು 1,600 ಕಿಲೋಮೀಟರಿನ ದಾರಿಯನ್ನು 10 ಗಂಟೆ 7 ನಿಮಿಷ 48 ಸೆಕೆಂಡುಗಳಲ್ಲಿ ಓಡಿಸಿದ. ಅವನ ಪಕ್ಕದಲ್ಲಿ ಕುಳಿತಿದ್ದ ಡೆನಿಸ್ ಜೆಂಕಿನ್‌ಸನ್ ಎಂಬ ಗಡ್ಡದ ಪತ್ರಕರ್ತನ ಕೈಯಲ್ಲಿ ಐದು ಮೀಟರು ಮೀರಿದ ಕಾಗದದ ಸುರುಳಿಯಿತ್ತು. ಮೊದಲೇ ಆ ದಾರಿಯಲ್ಲಿ ಓಡಾಡಿ ಪ್ರತಿಯೊಂದು ತಿರುವನ್ನೂ ಅದರಲ್ಲಿ ಬರೆದುಕೊಂಡಿದ್ದರು. ಎಂಜಿನ್ನಿನ ಅಬ್ಬರದಲ್ಲಿ ಮಾತು ಕೇಳದು. ಆತ ಕೈಸನ್ನೆಯಿಂದ ಹೇಳುತ್ತಿದ್ದ, ಈತ ನಂಬಿ ತಿರುಗಿಸುತ್ತಿದ್ದ. ಕಾಣದ ತಿರುವಿನಾಚೆಗೆ ಏನಿದೆ ಎಂಬುದನ್ನು ಇನ್ನೊಬ್ಬನ ಕೈಯನ್ನು ನೋಡಿ ನಂಬುವುದು ಸಣ್ಣ ಮಾತೆ? ಅದು ಒಂದು. ಎರಡನೆಯದು 1957ರದು. ಅದೇ ಪಂದ್ಯದಲ್ಲಿ, ಮುಗಿಯಲು ಇನ್ನು ಸ್ವಲ್ಪವೇ ದಾರಿ ಇದೆ ಎನ್ನುವಾಗ, ಫೆರಾರಿಯೊಂದರ ಟಯರು ಸಿಡಿಯಿತು. ಕಾರಿನಲ್ಲಿದ್ದ ಇಬ್ಬರೂ ಸತ್ತರು. ರಸ್ತೆಯ ಬದಿಯಲ್ಲಿ ನೋಡಲು ನಿಂತಿದ್ದ ಒಂಬತ್ತು ಮಂದಿಯೂ ಸತ್ತರು. ಅವರಲ್ಲಿ ಐವರು ಮಕ್ಕಳು. ಮೂವತ್ತು ವರ್ಷ ಹಿಂದೆ, 1927ರಲ್ಲಿ, ಹುಟ್ಟಿದ್ದ ಆ ಪಂದ್ಯ ಅಲ್ಲಿಗೆ ನಿಂತಿತು. 1977ರಿಂದ ಈಚೆಗೆ ಅದೇ ಹೆಸರಿನಲ್ಲಿ ಹಳೆಯ ಕಾರುಗಳು ಅದೇ ಊರುಗಳ ನಡುವೆ ಓಡುತ್ತಿವೆ. ಆದರೆ ಅಲ್ಲಿ ಈಗ ಗೆಲ್ಲುವವನು ಎಲ್ಲರಿಗಿಂತ ವೇಗವಾಗಿ ಹೋದವನಲ್ಲ, ಗೊತ್ತುಮಾಡಿದ ಹೊತ್ತಿಗೆ ಸರಿಯಾಗಿ ಬಂದವನು.

ಐವರು ಮಕ್ಕಳು ಎಂಬ ಮಾತಿಗೆ ತರುಣ ತಲೆ ತಗ್ಗಿಸಿದ. ಅವನನ್ನು ನೋಯಿಸಲೆಂದು ಅಧ್ಯಾಪಕರು ಹೇಳಿದ್ದಲ್ಲ. ಇಂಥ ಬಳಗದ ಎದುರು ನಿಲ್ಲುವ ಪ್ರಶ್ನೆಯೇ ಅದು. ಘಟ್ಟದ ರಸ್ತೆ ಯಾರದು? ತರಕಾರಿ ಹೇರಿದ ಟೆಂಪೋದ್ದು, ಆಸ್ಪತ್ರೆಗೆ ಧಾವಿಸುವ ಆಂಬುಲೆನ್ಸಿನದು, ಬಸ್ಸಿಗೆ ಕಾಯುವ ಮುದುಕಿಯದು, ಅಡ್ಡ ದಾಟುವ ಸಿಂಗಳೀಕದ್ದು. ಮಳೆಗಾಲದಲ್ಲಿ ಕುಸಿದು ಬಂದು ಅದನ್ನು ತನ್ನದಾಗಿಸಿಕೊಳ್ಳುವ ಗುಡ್ಡದ್ದು. ಕಿರಿದಾದ ಇಳಿಜಾರಿನಲ್ಲಿ ಇಳಿಯುವವನು ಏರುವವನಿಗೆ ದಾರಿ ಬಿಡಬೇಕೆಂದು ಕಾಯಿದೆಯೇ ಹೇಳುತ್ತದೆ. ಸಂತೋಷಕ್ಕಾಗಿ ಬಂದವನು ಇವರೆಲ್ಲರ ನಡುವೆ ಅತಿಥಿ. ಅತಿಥಿಯ ಉತ್ಸಾಹ ಮನೆಯವರ ಮೇಲೆ ಬೀಳಬಾರದು.

ಹಾಗಾದರೆ ಈ ಕಾರುಗಳನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿಬಿಡಬಹುದಲ್ಲ ಎಂದು ಯಾರಾದರೂ ಕೇಳಬಹುದು. ಧರ್ಮಸ್ಥಳದ ಸಂಗ್ರಹದಲ್ಲಿ ಹೊಳಪು ಕೊಟ್ಟು ನಿಲ್ಲಿಸಿದ ಹಳೆಯ ಕಾರುಗಳನ್ನು ಸಾವಿರಾರು ಜನ ನೋಡಿ ಸಂತೋಷಪಡುತ್ತಾರೆ. ಅದು ಒಳ್ಳೆಯ ಕೆಲಸವೇ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿ ಉಳಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರ್ಕಾರವು ಬೇರೆಯ ನೋಂದಣಿಯನ್ನೇ ಏರ್ಪಡಿಸಿ, ದಿನನಿತ್ಯದ ಓಡಾಟಕ್ಕೂ ವ್ಯಾಪಾರಕ್ಕೂ ಅವುಗಳನ್ನು ಬಳಸಬಾರದೆಂದು ವಿಧಿಸಿತು. ಅದೂ ನ್ಯಾಯವೇ. ಆದರೆ ನಿಂತ ಯಂತ್ರಕ್ಕೆ ನಿಂತದ್ದೇ ರೋಗ. ಸೀಲುಗಳು ಒಣಗುತ್ತವೆ; ಸಿಲಿಂಡರುಗಳು ತುಕ್ಕು ಹಿಡಿಯುತ್ತವೆ. ಯಂತ್ರಕ್ಕಿಂತ ಮೊದಲು ತುಕ್ಕು ಹಿಡಿಯುವುದು ಅದನ್ನು ಬಲ್ಲ ಕೈಗಳು. ಕಾರ್ಬುರೇಟರಿನ ಉಸಿರನ್ನು ಕಿವಿಯಿಂದಲೇ ಅಳೆಯಬಲ್ಲ ಮೇಸ್ತ್ರಿಗೆ ಈಗ ಶಿಷ್ಯರಿಲ್ಲ. ಷೆಡ್ಡಿಗೆ ಬರುವ ಹುಡುಗರು ಎರಡು ತಿಂಗಳಿದ್ದು, ಕಂಪ್ಯೂಟರು ತೂರಿಸಿ ರೋಗ ಹೇಳುವ ದೊಡ್ಡ ಅಂಗಡಿಗಳಿಗೆ ಹೋಗುತ್ತಾರೆ, ಅವರಿಗೂ ಬದುಕಬೇಕಲ್ಲ. ಕಾರುಗಳು ಓಡುವವರೆಗೆ ಮಾತ್ರ ಆ ವಿದ್ಯೆ ಕೈಯಿಂದ ಕೈಗೆ ದಾಟಲು ಒಂದು ಸೇತುವೆ ಇರುತ್ತದೆ.

ಡ್ರಮ್ಮುಗಳು ತಣಿದವು. ಮೇಸ್ತ್ರಿ ಹೊಸ ದ್ರವ ತುಂಬಿ, ಗಾಳಿ ತೆಗೆದು, ಪೆಡಲನ್ನು ಹತ್ತು ಸಲ ತುಳಿದು ನೋಡಿ, ಸರಿ ಎಂದ. ಮೂರು ಕಾರುಗಳೂ ಎರಡನೆಯ ಗೇರಿನಲ್ಲಿ ಗುರುಗುಟ್ಟುತ್ತ ಇಳಿದವು, ಚಂಡಿಕಾಂಬೆಯ ಗುಡಿಯ ಮುಂದೆ ನಿಂತವು, ಹೊಸಂಗಡಿಯಲ್ಲಿ ಊಟವಾಯಿತು. ಮರಳುವಾಗ ಅದೇ ಘಟ್ಟವನ್ನು ಹತ್ತಬೇಕಲ್ಲವೆ? ಬೆಳಿಗ್ಗೆ ಚರಂಡಿಗೆ ಇಳಿದ ಆ ತಿರುವಿನ ಕೆಳಗೆ ಹೆರಾಲ್ಡು ಮೂರನೆಯ ಗೇರಿನಲ್ಲಿ ಬಂತು; ಏದುಸಿರು ಬಿಟ್ಟಿತು; ನಡುಗತೊಡಗಿತು. ತರುಣ ಎರಡನೆಯದಕ್ಕೆ ಇಳಿಸಿದ. ಕಾರು ಹಗುರವಾಗಿ ಎದ್ದು ತಿರುವನ್ನು ದಾಟಿತು. ಇಳಿಯುವಾಗ ಅವನಿಗೆ ಯಾವ ಗೇರು ತಿಳಿಯದೆ ಹೋಗಿತ್ತೋ ಅದನ್ನು ಹತ್ತುವಾಗ ಘಟ್ಟವೇ ತೋರಿಸಿಕೊಟ್ಟಿತು. ಹಿಂದಿನ ಫಿಯೆಟ್ಟಿನಲ್ಲಿ ಆ ಸದ್ದು ಬದಲಾದುದನ್ನು ಕೇಳಿ ಮೇಸ್ತ್ರಿ ಹತಾರದ ಪೆಟ್ಟಿಗೆಯ ಮೇಲೆ ಬೆರಳಿನಿಂದ ಒಮ್ಮೆ ತಟ್ಟಿದ. ಮಾತಾಡಲಿಲ್ಲ.

ಅಂದಿನಿಂದ ಬಳಗದ ಕಟ್ಟಳೆಗಳಲ್ಲಿ ಒಂದು ಹೆಚ್ಚಿದೆ. ಘಟ್ಟ ಇಳಿಯುವಾಗ ಎಲ್ಲಕ್ಕಿಂತ ಮುಂದೆ ಹೋಗುವುದು ಎಲ್ಲಕ್ಕಿಂತ ವೇಗದ ಕಾರಲ್ಲ. ಯಾವುದರ ಬ್ರೇಕು ಎಲ್ಲಕ್ಕಿಂತ ದುರ್ಬಲವೋ ಅದು. ಉಳಿದವರು ಅದರ ನಡಿಗೆಗೆ ತಮ್ಮ ನಡಿಗೆಯನ್ನು ಹೊಂದಿಸಿಕೊಳ್ಳುತ್ತಾರೆ. ಇದರಿಂದ ಪ್ರಯಾಣ ಅರ್ಧ ಗಂಟೆ ತಡವಾಗುತ್ತದೆ. ಹೆರಾಲ್ಡಿನ ಪಕ್ಕದ ಆಸನದಲ್ಲಿ ಈಗ ಮೇಸ್ತ್ರಿ ಕೂಡುತ್ತಾನೆ. ಮಡ್‌ಗಾರ್ಡಿನ ತಗ್ಗನ್ನು ತಟ್ಟಿ ಸರಿಪಡಿಸಿಕೊಡುವೆನೆಂದು ಆತ ಎರಡು ಸಲ ಹೇಳಿದ್ದಾನೆ. ಇರಲಿ ಎನ್ನುತ್ತಾನೆ ತರುಣ.